ದತ್ತು ನಮ್ಮ ಬೈಬಲಿನಲ್ಲಿ ಇದೆ, ಇಲ್ಲದೆ ಹೋದದ್ದು ಇಂಗ್ಲಿಷರ ಕಾನೂನಿನಲ್ಲಿ

ಮಾನ್ಯ ಸಂಪಾದಕರಿಗೆ,

ಕಳೆದ ಭಾನುವಾರದ ಪುರವಣಿಯಲ್ಲಿ ದತ್ತು ಕಾನೂನಿನ ಬಗ್ಗೆ ಬಂದ ಲೇಖನ ಓದಿದೆ. ಹಿಂದೂಗಳ ಕಾಯ್ದೆಯ ವಿಷಯ, ದತ್ತು ನೋಡಿಕೊಳ್ಳುವ ಕೇಂದ್ರ ಸರಕಾರದ ಕಾರಾ ಸಂಸ್ಥೆಯ ಅರ್ಜಿಯ ವಿಷಯ ಎಲ್ಲ ನೇರ್ಪಾಗಿಯೇ ಇತ್ತು. ಆದರೆ ನಡುವೆ ಒಂದು ವಾಕ್ಯ ನುಸುಳಿತ್ತು: ಕ್ರೈಸ್ತರ ಧರ್ಮದಲ್ಲಿ ದತ್ತಿಗೆ ಅವಕಾಶವಿಲ್ಲ, ಹಾಗಾಗಿ ಅವರಿಗೆ ಅದರ ಕಾನೂನೂ ಇಲ್ಲ ಎಂದು. ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬ ಹಾಗೆ ಅಷ್ಟು ಹೇಳಿ ಲೇಖಕರು ಮುಂದೆ ಹೋಗಿಬಿಟ್ಟರು. ಇದೇ ಮಾತನ್ನು ವಕೀಲರ ಬಾಯಲ್ಲಿ ಕೇಳಿದ್ದೇನೆ, ಸಬ್ ರಿಜಿಸ್ಟ್ರಾರ್ ಕಚೇರಿಯ ಜಗಲಿಯಲ್ಲಿ ಕೇಳಿದ್ದೇನೆ, ಒಂದು ಪಾಲಿನ ಪಂಚಾತಿಕೆಯಲ್ಲಿ ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ಮೇಜು ತಟ್ಟಿ ಹೇಳಿದ್ದನ್ನೂ ಕೇಳಿದ್ದೇನೆ. ಪತ್ರ ಸ್ವಲ್ಪ ಉದ್ದವಾದೀತು. ಕತ್ತರಿ ಹಾಕಲೇಬೇಕೆಂದಿದ್ದರೆ ನನ್ನ ಪರಿಚಯಕ್ಕೆ ಹಾಕಿ, ಮುಂದೆ ಬರುವ ಪ್ರವಾದಿ ಯೆರೆಮೀಯನಿಗೆ ಹಾಕಬೇಡಿ.

ಉಡುಪಿ ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿ ದಸ್ತಾವೇಜು ಬರೆದು ಬದುಕಿದವನು ನಾನು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ವ್ಯವಸ್ಥಾಪತ್ರ, ಹಕ್ಕು ಬಿಟ್ಟುಕೊಡುವ ಹಕ್ಕುಖುಲಾಸೆ, ವಿಲ್ ಎನ್ನುವ ಮರಣಶಾಸನ, ಎಲ್ಲದರ ಅಡಿಯಲ್ಲೂ ಬಿಕ್ಕಲಂ (ಬರೆದವನ ಸಹಿ) ಹಾಕಿದ್ದೇನೆ. ಈಗ ಎಲ್ಲ ಕಂಪ್ಯೂಟರಿನಲ್ಲಿ ನಡೆಯುತ್ತದೆ, ನನ್ನ ಅಕ್ಷರಕ್ಕೆ ಗಿರಾಕಿಯಿಲ್ಲ. ಬಾಸೆಲ್ ಮಿಶನ್ನಿನ ಕಾಲದಿಂದ ಬಂದ ಸಭೆಯವನು, ಭಾನುವಾರ ಶಾಲೆಯಲ್ಲಿ ಹಳೆ ಒಡಂಬಡಿಕೆ ಹೇಳಿಕೊಟ್ಟವನು. ಎರಡೂ ಕೆಲಸ ಒಬ್ಬನೇ ಮಾಡಿದ್ದರಿಂದ ಒಂದು ಚಟ ಅಂಟಿಕೊಂಡಿದೆ. ಬೈಬಲಿನಲ್ಲಿ ಗದ್ದೆ, ಸಾಕ್ಷಿ, ಪಾಲು ಎಂದು ಬಂದ ಕಡೆಯಲ್ಲೆಲ್ಲ ನನ್ನ ಕಣ್ಣು ತಡೆದು ನಿಲ್ಲುತ್ತದೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ. ನಮ್ಮವರಿಗೆ ಬಹುಕಾಲ ಉಳಿದದ್ದು 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ. ಅದರಲ್ಲಿ ಕೋರ್ಟಿಗೆ ಹೋದರೆ ನೀವು ಮಗುವಿನ ಪೋಷಕರಾಗುತ್ತೀರಿ, ಅಪ್ಪ ಅಮ್ಮ ಆಗುವುದಿಲ್ಲ. ಮಗು ಪ್ರಾಯಕ್ಕೆ ಬಂದ ದಿನ ಆ ಸಂಬಂಧ ಕಾಗದದ ಮೇಲೆ ಮುಗಿದುಹೋಗುತ್ತದೆ. ಆಸ್ತಿಯಲ್ಲಿ ಹಕ್ಕು ತಾನಾಗಿ ಬರುವುದಿಲ್ಲ, ದಾರಿಹೋಕನಿಗೆ ಬರೆದುಕೊಟ್ಟ ಹಾಗೆ ಮರಣಶಾಸನ ಬರೆದರೆ ಮಾತ್ರ ಉಂಟು. ನಮ್ಮ ಪಾಲಿನ ಲೆಕ್ಕ ಹಾಕುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದನ್ನು ಹೆಣೆದದ್ದು ಇಂಗ್ಲಿಷ್ ಕಾನೂನಿನ ಅಚ್ಚಿನಲ್ಲಿ. ಆ ಇಂಗ್ಲೆಂಡಿನಲ್ಲಿ ದತ್ತು ಎಂಬುದೇ ಇರಲಿಲ್ಲ. ಅಲ್ಲಿ ಮೊದಲ ದತ್ತು ಕಾಯ್ದೆ ಬಂದದ್ದು 1926ರಲ್ಲಿ, ಎಂದರೆ ನಮ್ಮ ಉತ್ತರಾಧಿಕಾರ ಕಾಯ್ದೆ ಆದ ಮರುವರ್ಷ!

ಹಾಗಾದರೆ ಈ ಕೊರತೆಗೆ ಯಾರನ್ನು ದೂರಬೇಕು? ಇಂಗ್ಲಿಷ್ ಜಮೀನ್ದಾರರಿಗೆ ರಕ್ತಸಂಬಂಧದ ಮೇಲೆ ಇದ್ದ ಮೋಹವನ್ನು ದೂರಬೇಕು, ಹಳೆ ಒಡಂಬಡಿಕೆಯ ಧರ್ಮಶಾಸ್ತ್ರ ಕೊಟ್ಟ ಮೋಶೆಯನ್ನಲ್ಲ, ಹೊಸ ಒಡಂಬಡಿಕೆಯ ಪತ್ರಗಳನ್ನು ಬರೆದ ಪೌಲನನ್ನಂತೂ ಅಲ್ಲ. ಕಿತ್ತೂರಿನ ಕಥೆ ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. 1824ರಲ್ಲಿ ಶಿವಲಿಂಗಪ್ಪನ ದತ್ತನ್ನು ಕಂಪನಿ ಸರಕಾರ ಒಪ್ಪಲಿಲ್ಲ, ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಆ ಕಂಪನಿಯ ಅಧಿಕಾರಿಗಳು ಭಾನುವಾರಕ್ಕೆ ಚರ್ಚಿಗೆ ಹೋಗಿ ಕೇಳುತ್ತಿದ್ದ ಪುಸ್ತಕದಲ್ಲಿ ದತ್ತುಮಕ್ಕಳಿಗೆ ಏನು ಸಿಗುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲವೋ, ಹೊಳೆದರೂ ಬೇಡವಾಗಿತ್ತೋ.

ಈಗ ಆ ಪುಸ್ತಕಕ್ಕೆ ಬರೋಣ. ಒಂದು ಮಾತನ್ನು ಮುಚ್ಚಿಡುವುದಿಲ್ಲ. ಮೋಶೆಯ ಧರ್ಮಶಾಸ್ತ್ರದಲ್ಲಿ ದತ್ತಿನ ವಿಧಿ ಎಂದು ಒಂದೂ ಇಲ್ಲ. ಬಾಬಿಲೋನಿನ ಹಮ್ಮುರಾಬಿಯ ಶಾಸನದಲ್ಲಿ ಸಾಲಾಗಿ ಇವೆ, ಇಲ್ಲಿ ಇಲ್ಲ. ಯೆಹೂದಿ ಧರ್ಮಗುರುಗಳಾದ ರಬ್ಬಿಗಳೂ ಮುಂದೆ ಹುಟ್ಟಿನ ವಂಶವನ್ನು ಅಳಿಸಿ ಬೇರೆ ವಂಶ ಬರೆಯುವ ದತ್ತನ್ನು ಒಪ್ಪಲಿಲ್ಲ. ಆದರೆ ಅವರ ಧರ್ಮಗ್ರಂಥವಾದ ತಾಲ್ಮುದಿನ ಸನ್ಹೆದ್ರಿನ್ ಭಾಗದಲ್ಲಿ ಅವರದೇ ಮಾತಿದೆ: ಅನಾಥ ಮಗುವನ್ನು ಮನೆಯಲ್ಲಿಟ್ಟು ಬೆಳೆಸಿದವನು ಅದನ್ನು ಹೆತ್ತವನಿಗೆ ಸಮ ಎಂದು. ಶಾಸ್ತ್ರದಲ್ಲಿ ವಿಧಿ ಇಲ್ಲದಿದ್ದರೂ ಕಥೆಗಳಲ್ಲಿ ದತ್ತು ಹೆಜ್ಜೆಹೆಜ್ಜೆಗೆ ಸಿಗುತ್ತದೆ. ಐಗುಪ್ತದ (ಈಜಿಪ್ಟಿನ) ಅರಸ ಫರೋಹನ ಮಗಳು ನೀರಿನಿಂದ ಎತ್ತಿದ ಮೋಶೆ ಅವಳ ಮಗನಾದ. ತಾಯಿ ತಂದೆ ಇಲ್ಲದ ಎಸ್ತೇರಳನ್ನು ಮೊರ್ದೆಕೈ ಮಗಳನ್ನಾಗಿ ಮಾಡಿಕೊಂಡ. ಮೋವಾಬಿನ ಸೊಸೆ ರೂತಳು ಹೆತ್ತ ಮಗುವನ್ನು ಅತ್ತೆ ನೊವೊಮಿ ಮಡಿಲಿಗೆ ಹಾಕಿಕೊಂಡಾಗ ನೆರೆಯ ಹೆಂಗಸರು ನೊವೊಮಿಗೆ ಮಗ ಹುಟ್ಟಿದ ಎಂದೇ ಸಾರಿದರು, ಆ ಮಗು ಅರಸ ದಾವೀದನ ಅಜ್ಜ.

ನನ್ನಂಥವನು ಮೆಚ್ಚಿ ಓದುವುದು ಆದಿಕಾಂಡದ 48ನೇ ಅಧ್ಯಾಯ. ಇಸ್ರಾಯೇಲ್ ಕುಲಗಳ ಮೂಲಪುರುಷ ಯಾಕೋಬ ಐಗುಪ್ತದಲ್ಲಿ ಹಾಸಿಗೆ ಹಿಡಿದಿದ್ದಾನೆ. ಮಗ ಯೋಸೇಫ ತನ್ನ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ನೋಡಲು ಬರುತ್ತಾನೆ. ಮುದುಕ ಕಷ್ಟಪಟ್ಟು ಎದ್ದು ಕುಳಿತು ಹೇಳುವ ಮಾತು ಹೀಗಿದೆ: ನಾನು ಇಲ್ಲಿಗೆ ಬರುವ ಮೊದಲು ನಿನಗೆ ಹುಟ್ಟಿದ ಎಫ್ರಾಯೀಮ್ ಮತ್ತು ಮನಸ್ಸೆ ನನ್ನವರು, ರೂಬೇನ ಸಿಮೆಯೋನರು ಹೇಗೋ ಹಾಗೆ. ಇವರ ನಂತರ ಹುಟ್ಟುವವರು ನಿನ್ನವರು. ಬರವಣಿಗೆಯವನ ಕಣ್ಣಿಗೆ ಇದು ಪಕ್ಕಾ ಕರಡು. ಯಾರು ಎಂದು ಹೆಸರು ಹಿಡಿದು ಹೇಳಿದ್ದಾನೆ, ಯಾವ ಕಾಲದವರೆಗೆ ಹುಟ್ಟಿದವರು ಎಂದು ಗೆರೆ ಎಳೆದಿದ್ದಾನೆ, ಯಾರಿಗೆ ಸಮಾನ ಎಂದು ಹೇಳಿದ್ದಾನೆ, ಮುಂದೆ ಹುಟ್ಟುವವರ ಬಗ್ಗೆ ತಕರಾರು ಬಾರದ ಹಾಗೆ ಬಾಗಿಲು ಹಾಕಿದ್ದಾನೆ. ರೂಬೇನ, ಸಿಮೆಯೋನ ಎಂದರೆ ಅವನ ಮೊದಲ ಇಬ್ಬರು ಮಕ್ಕಳು. ಮೊಮ್ಮಕ್ಕಳು ಏಕದಂ ಚೊಚ್ಚಲ ಮಕ್ಕಳ ಸಾಲಿಗೆ ಏರಿದರು. ಆಮೇಲೆ ಮಕ್ಕಳನ್ನು ಹತ್ತಿರ ಕರೆದು ಮುದ್ದಿಟ್ಟು ಅಪ್ಪಿಕೊಂಡ. ಅವರ ತಾಯಿ ಆಸನತ್, ಐಗುಪ್ತದ ಓನ್ ಪಟ್ಟಣದ ಪೂಜಾರಿಯ ಮಗಳು ಎಂಬುದನ್ನು ನಮ್ಮ ಪ್ರಸಂಗಿಗಳು ಯಾಕೋ ಹೇಳುವುದೇ ಇಲ್ಲ.

ಈ ದತ್ತು ಊರ್ಜಿತವಾಯಿತೋ ಇಲ್ಲವೋ ಗೊತ್ತಾಗುವುದು ಮುಂದೆ ಕಾನಾನ್ ದೇಶವನ್ನು ಯಾಕೋಬನ ಮಕ್ಕಳ ಕುಲಗಳಿಗೆ ಪಾಲು ಮಾಡುವಾಗ. ಎಫ್ರಾಯೀಮಿಗೂ ಮನಸ್ಸೆಗೂ ಬೇರೆಬೇರೆ ಕುಲದ ಪಾಲು ಸಿಕ್ಕಿತು, ಮನಸ್ಸೆಗೆ ಯೊರ್ದಾನ್ ಹೊಳೆಯ ಎರಡೂ ಕಡೆ. ಪಾಲು ಹಂಚಿದ ಯೆಹೋಶುವನೇ ಎಫ್ರಾಯೀಮ್ ಕುಲದವನು. ಅಷ್ಟು ಮಾತ್ರವಲ್ಲ. ಹೆಣ್ಣುಮಕ್ಕಳ ಆಸ್ತಿಹಕ್ಕಿನ ಮಾತು ಬಂದಾಗ ಎಲ್ಲರೂ ಹೇಳುವ ಚಲ್ಪಹಾದನ ಐವರು ಹೆಣ್ಣುಮಕ್ಕಳು, ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ, ಯಾವ ಕುಲದವರು? ಮನಸ್ಸೆಯ ಕುಲದವರು. ನಮ್ಮ ತಂದೆಗೆ ಗಂಡುಮಕ್ಕಳಿಲ್ಲ ಎಂಬ ಕಾರಣಕ್ಕೆ ಅವನ ಹೆಸರು ಅಳಿಯಬೇಕೇ ಎಂದು ಮೋಶೆಯ ಮುಂದೆ, ಯಾಜಕನ ಮುಂದೆ, ಇಡೀ ಜನದ ಮುಂದೆ ನಿಂತು ಕೇಳಿದರು. ಅವರು ಹೇಳುವುದು ಸರಿ ಎಂದು ದೇವರ ಉತ್ತರ ಬಂತು. ನಿಮ್ಮ ಮೂಲಪುರುಷನೇ ಅಜ್ಜ ದತ್ತು ತೆಗೆದುಕೊಂಡವನು, ನಿಮಗೆಲ್ಲಿಯ ಪಾಲು ಎಂದು ಆ ದಿನ ಒಬ್ಬನೂ ಬಾಯಿ ತೆರೆಯಲಿಲ್ಲ. (ಮುಂದೆ ಅದೇ ಕುಲದ ಯಜಮಾನರು ಬಂದು, ಈ ಹೆಣ್ಣುಮಕ್ಕಳು ಬೇರೆ ಕುಲಕ್ಕೆ ಮದುವೆಯಾದರೆ ಜಮೀನು ಕೈತಪ್ಪುತ್ತದೆ ಎಂದು ಗೋಳಾಡಿ, ಸ್ವಂತ ಕುಲದೊಳಗೇ ಮದುವೆಯಾಗಬೇಕೆಂಬ ಷರತ್ತು ಹಾಕಿಸಿಕೊಂಡರು. ದಾಯಾದಿಗಳ ಬುದ್ಧಿ ಎಲ್ಲ ಕಡೆಯೂ ಒಂದೇ.)

ಅಜ್ಜ ಮೊಮ್ಮಕ್ಕಳನ್ನು ತೆಗೆದುಕೊಂಡದ್ದಲ್ಲವೇ, ಅದೂ ರಕ್ತವೇ ಎಂದು ಯಾರಾದರೂ ಕೇಳಿಯಾರು. ಅವರಿಗಾಗಿ ಕಾಲೇಬನನ್ನು ಕರೆಯುತ್ತೇನೆ. ಯೆಫುನ್ನೆಯ ಮಗ ಕಾಲೇಬ ಕೆನಿಜ್ಜೀಯ. ಯಾಕೋಬನ ಅಜ್ಜ ಅಬ್ರಹಾಮನಿಗೆ ದೇವರು ವಾಗ್ದಾನ ಮಾಡಿದ ದೇಶದಲ್ಲಿ ಮೊದಲೇ ಇದ್ದ ಅನ್ಯಜನರ ಪಟ್ಟಿಯಲ್ಲಿ ಕೆನಿಜ್ಜೀಯರ ಹೆಸರಿದೆ. ಅಂಥವನು ಯೂದ ಕುಲದ ನಡುವೆ ಪಾಲು ಪಡೆದ, ಅದೂ ಹೆಬ್ರೋನನ್ನೇ ಪಡೆದ. ಬಾಬಿಲೋನಿನ ಸೆರೆಯಲ್ಲಿದ್ದ ಯೆಹೆಜ್ಕೇಲ ಮುಂದಿನ ಕಾಲದ ಪಾಲುಪಟ್ಟಿ ಬರೆಯುವಾಗ ಇನ್ನೂ ಬಿಚ್ಚಿ ಹೇಳುತ್ತಾನೆ. ನಿಮ್ಮ ನಡುವೆ ನೆಲೆನಿಂತು ಮಕ್ಕಳನ್ನು ಪಡೆದ ಪರದೇಶಿಗಳಿಗೂ ಚೀಟಿ ಹಾಕಿ ಪಾಲು ಕೊಡಿ, ಅವರು ಯಾವ ಕುಲದ ಸೀಮೆಯಲ್ಲಿ ಇದ್ದಾರೋ ಅಲ್ಲೇ ಕೊಡಿ ಎಂದು. 47ನೇ ಅಧ್ಯಾಯದ ಕೊನೆಯ ಎರಡು ವಚನ. ಕರುಣೆಗೆ ಬಿಟ್ಟುಕೊಡುವ ಹಿತ್ತಲಲ್ಲ ಅದು, ಸರಿಸಮ ಪಾಲು.

ಎದುರುವಾದಿಯ ಕೈಯಲ್ಲೂ ಒಂದು ದಾಖಲೆ ಇದೆ, ಅದನ್ನು ನಾನೇ ಹಾಜರುಪಡಿಸುತ್ತೇನೆ. ಆದಿಕಾಂಡ 15ರಲ್ಲಿ ಮಕ್ಕಳಿಲ್ಲದ ಅಬ್ರಹಾಮ, ಮನೆಯ ಆಳು ದಮಸ್ಕದ ಎಲೀಯೆಜರನೇ ನನ್ನ ಮನೆಗೆ ಬಾಧ್ಯನಾಗುವನಲ್ಲ (ವಾರಸುದಾರನಾಗುವನಲ್ಲ) ಎಂದು ಕೊರಗುತ್ತಾನೆ. ಅವನಲ್ಲ, ನಿನ್ನಿಂದ ಹುಟ್ಟುವವನೇ ಬಾಧ್ಯ ಎಂದು ದೇವರು ಹೇಳುತ್ತಾನೆ. ಮುಂದೆ ದಾಸಿಯಲ್ಲಿ ಹುಟ್ಟಿದ ಮಗ ಇಷ್ಮಾಯೇಲನೂ ತಾಯಿಯೊಂದಿಗೆ ಮನೆ ಬಿಡಬೇಕಾಯಿತು. ಇದು ಓದಲು ಕಷ್ಟದ ಭಾಗ, ನಾನು ಇದಕ್ಕೆ ಬಣ್ಣ ಹಚ್ಚುವುದಿಲ್ಲ. ಆದರೆ ಎರಡೇ ಅಧ್ಯಾಯದ ಆಚೆ ಒಡಂಬಡಿಕೆಯ ಗುರುತಾದ ಸುನ್ನತಿ ಬಂದಾಗ, ನಿನ್ನ ಸಂತತಿಯಲ್ಲದ, ಪರದೇಶಿಯಿಂದ ಕ್ರಯಕ್ಕೆ ತೆಗೆದುಕೊಂಡವನಿಗೂ ಈ ಗುರುತು ಆಗಲೇಬೇಕು ಎಂದಿದೆ. ಅಬ್ರಹಾಮನ ಮನೆಯ ಬಾಗಿಲಲ್ಲಿ ಹುಟ್ಟಿದವನಿಗೆ ಒಂದು ಗುರುತು, ಬಂದವನಿಗೆ ಇನ್ನೊಂದು ಎಂದು ಇರಲಿಲ್ಲ.

ಅದೇ 15ನೇ ಅಧ್ಯಾಯದ ರಾತ್ರಿಯ ಭಾಗವನ್ನೂ ಓದಬೇಕು. ಕಡಸು, ಆಡು, ಟಗರುಗಳನ್ನು ಎರಡಾಗಿ ಕಡಿದು ಎದುರುಬದುರು ಇಟ್ಟಿದ್ದಾರೆ. ಆ ಕಾಲದಲ್ಲಿ ಕರಾರು ಮಾಡಿಕೊಂಡವರು ಆ ತುಂಡುಗಳ ನಡುವೆ ನಡೆದು ಹೋಗುತ್ತಿದ್ದರು, ಮಾತು ತಪ್ಪಿದರೆ ನನಗೂ ಈ ಗತಿ ಎಂದು. ಯೆರೆಮೀಯನ 34ನೇ ಅಧ್ಯಾಯದಲ್ಲಿ ಹಾಗೆ ನಡೆದು ಆಮೇಲೆ ಮಾತು ಮುರಿದ ದೊಡ್ಡಮನುಷ್ಯರ ಸುದ್ದಿ ಇದೆ. ಇಲ್ಲಿ ಮಾತ್ರ ಅಬ್ರಹಾಮ ಗಾಢ ನಿದ್ರೆಯಲ್ಲಿದ್ದಾನೆ. ಹೊಗೆಯಾಡುವ ಒಲೆ ಮತ್ತು ಉರಿಯುವ ಪಂಜು ಮಾತ್ರ ನಡುವೆ ಹಾದುಹೋಗುತ್ತವೆ. ಎಂದರೆ ಬರೆದುಕೊಟ್ಟವನ ಸಹಿ ಇದೆ, ಬರೆಸಿಕೊಂಡವನ ಸಹಿ ಇಲ್ಲ. ನಮ್ಮ ಕಚೇರಿಯ ಲೆಕ್ಕದಲ್ಲಿ ಇದು ಕರಾರುಪತ್ರವಲ್ಲ, ಬದುಕಿರುವಾಗಲೇ ಆಸ್ತಿ ಬರೆದುಕೊಡುವ ವ್ಯವಸ್ಥಾಪತ್ರ. ಗಲಾತ್ಯದವರಿಗೆ ಬರೆಯುವಾಗ ಪೌಲ ಹಿಡಿದದ್ದು ಇದೇ ಎಳೆ. ಸ್ಥಿರಪಟ್ಟ ಪತ್ರವನ್ನು ಯಾರೂ ರದ್ದು ಮಾಡುವುದಿಲ್ಲ, ಅದಕ್ಕೆ ಹೊಸದಾಗಿ ಕೂಡಿಸುವುದೂ ಇಲ್ಲ, 430 ವರ್ಷದ ಮೇಲೆ ಬಂದ ಧರ್ಮಶಾಸ್ತ್ರವು ಅಬ್ರಹಾಮನಿಗೆ ಕೊಟ್ಟ ಮಾತನ್ನು ಬಿದ್ದುಹೋಗುವಂತೆ ಮಾಡಲಾರದು ಎಂದು. ಮರಣಶಾಸನವಾದರೆ ಕೊನೆಯದ್ದೇ ಊರ್ಜಿತ, ಮೊದಲಿನದು ಕಸ. ವ್ಯವಸ್ಥಾಪತ್ರ ಹಾಗಲ್ಲ, ಬರೆದುಕೊಟ್ಟವನು ಮನಸ್ಸು ಬದಲಾಯಿಸಿ ಇನ್ನೊಂದು ಕಾಗದ ಬರೆದರೆ ಮೊದಲಿನದು ಸಾಯುವುದಿಲ್ಲ. ಈ ವ್ಯತ್ಯಾಸ ತಿಳಿಯದ ಗಿರಾಕಿಗಳಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಈ ಮಾತು ಹೇಳುವಾಗ ಒಂದು ಸಿಟ್ಟನ್ನೂ ಕಾರಿಕೊಳ್ಳಬೇಕು. ಈಗೀಗ ಕೆಲವು ಪ್ರಾರ್ಥನಾಕೂಟಗಳಲ್ಲಿ ಟಗರಿನ ಕೊಂಬು ಊದುವುದು, ಇಸ್ರೇಲಿನ ಬಾವುಟ ಹಿಡಿಯುವುದು, ಅಬ್ರಹಾಮನ ಆಶೀರ್ವಾದ ನಿನ್ನದು ಎಂದು ಸೈಟು, ಕಾರು, ವೀಸಾ ಎಲ್ಲವನ್ನೂ ಹಕ್ಕಿನಿಂದ ಕೇಳಿಸುವುದು ಶುರುವಾಗಿದೆ. ಇಬ್ರಿಯ (ಹೀಬ್ರೂ) ಬೇರು ಎಂದರೆ ಇದೇ ಎಂದು ಎಳೆಯರು ನಂಬಿದ್ದಾರೆ. ಆ ಅಬ್ರಹಾಮನ ಹತ್ತಿರ ಹೆಂಡತಿಯನ್ನು ಹೂಳಲು ಗೇಣು ನೆಲ ಇರಲಿಲ್ಲ. ನಾನು ಪರದೇಶಿ, ಒಕ್ಕಲು ಬಂದವನು ಎಂದು ಹಿತ್ತಿಯರ ಮುಂದೆ ಬಗ್ಗಿ, ಎಫ್ರೋನನಿಗೆ 400 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಹೆಬ್ರೋನಿನ ಹತ್ತಿರದ ಮಕ್ಪೇಲದ ಗವಿ ಕ್ರಯಕ್ಕೆ ತೆಗೆದುಕೊಂಡ. ಆದಿಕಾಂಡ 23ರ ಆ ವಚನ ಚಕ್ಕುಬಂದಿಯ ಹಾಗೆಯೇ ಇದೆ: ಮಮ್ರೆಗೆ ಎದುರಾಗಿರುವ ಹೊಲ, ಅದರಲ್ಲಿರುವ ಗವಿ, ಸುತ್ತಲಿನ ಗಡಿಯೊಳಗಿನ ಮರಗಳೆಲ್ಲ ಸಹಿತ, ಊರಬಾಗಿಲಲ್ಲಿ ಕೂಡಿದವರ ಸಮಕ್ಷಮ. ವಾಗ್ದಾನ ಸಿಕ್ಕಿದವನು ಪೂರ್ತಿ ಕ್ರಯ ಕೊಟ್ಟು ಸಮಾಧಿಯ ಜಾಗ ಮಾತ್ರ ಪಡೆದ. ದೇವರ ಸೇವೆಯ ಕುಲವಾದ ಲೇವಿಯರಿಗಂತೂ ಹೊಲದ ಪಾಲೇ ಇಲ್ಲ, ಯೆಹೋವನೇ ಅವರ ಸ್ವಾಸ್ಥ್ಯ, ಎಂದರೆ ಪಾಲಿನ ಆಸ್ತಿ. ಸೈಟು ಕೇಳುವ ಪ್ರಸಂಗಿಗಳು ಈ ಪುಟಗಳನ್ನು ಯಾವಾಗ ತಿರುವುತ್ತಾರೋ.

ಇನ್ನು ಯೆರೆಮೀಯ. ಬಾಬಿಲೋನಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ, ಪಟ್ಟಣ ಬೀಳುವುದು ಖಚಿತ ಎಂದು ಹೇಳಿದ್ದಕ್ಕೇ ಯೆರೆಮೀಯನನ್ನು ಕಾವಲಿನ ಅಂಗಳದಲ್ಲಿ ಕೂಡಿಹಾಕಿದ್ದಾರೆ. ಅಲ್ಲಿಗೆ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನ ನನ್ನ ಹೊಲ ಕೊಂಡುಕೋ, ಬಿಡಿಸಿಕೊಳ್ಳುವ ಹಕ್ಕು ನಿನ್ನದು ಎನ್ನುತ್ತಾನೆ. ಆ ಹೊತ್ತಿನಲ್ಲಿ ಹೊಲ ಮಾರುವವನು ಬುದ್ಧಿವಂತ, ಕೊಳ್ಳುವವನು ಹುಚ್ಚ. ಯೆರೆಮೀಯ 17 ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಟ್ಟ. ಪತ್ರ ಬರೆದು ಸಹಿ ಮಾಡಿದ, ಮುದ್ರೆ ಹಾಕಿದ, ಸಾಕ್ಷಿಗಳಿಂದ ಸಹಿ ಮಾಡಿಸಿದ. ಎರಡು ಪ್ರತಿ, ಒಂದು ಮುದ್ರೆ ಹಾಕಿ ಮುಚ್ಚಿದ್ದು, ಒಂದು ತೆರೆದದ್ದು. ಎರಡನ್ನೂ ಎಲ್ಲರೆದುರು ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವ ಹಾಗೆ ಮಣ್ಣಿನ ಮಡಕೆಯಲ್ಲಿಡು ಎಂದ. ತೆರೆದ ಪ್ರತಿ ದಿನದ ಬಳಕೆಗೆ, ಮುಚ್ಚಿದ್ದು ಯಾರಾದರೂ ತಿದ್ದಿದ್ದಾರೆ ಎಂಬ ತಕರಾರು ಬಂದಾಗ ಒಡೆದು ನೋಡಲಿಕ್ಕೆ. ನಮ್ಮ ಕಚೇರಿಯ ಪುಸ್ತಕಕ್ಕೆ ನಕಲು ಏರಿಸುವುದಕ್ಕೂ ಕಾರಣ ಅದೇ.

ಇದರ ಹಿಂದಿನ ಅಧ್ಯಾಯ ಯಾವುದು ಗೊತ್ತೇ? 31. ಇಸ್ರಾಯೇಲ್ ಮನೆತನದೊಂದಿಗೂ ಯೂದ ಮನೆತನದೊಂದಿಗೂ ಹೊಸ ಒಡಂಬಡಿಕೆ ಮಾಡುವೆನು, ನನ್ನ ಧರ್ಮವನ್ನು ಅವರ ಹೃದಯದಲ್ಲಿ ಬರೆಯುವೆನು ಎಂಬ ಮಾತು ಇರುವುದು ಅಲ್ಲಿ. ನಾವು ಕ್ರೈಸ್ತರು ಆ ಮಾತನ್ನು ಹರಿದುಕೊಂಡು ಬಂದು ನಮ್ಮ ಗೋಡೆಗೆ ಅಂಟಿಸಿಕೊಂಡೆವು, ಪಕ್ಕದ ಪುಟದ ಹೊಲವನ್ನು ಬಿಟ್ಟುಬಂದೆವು. ಹೃದಯದಲ್ಲಿ ಬರೆಯುವೆನು ಎಂದು ಸಾರಿದ ಪ್ರವಾದಿಯೇ ಮರುಪುಟದಲ್ಲಿ ಸಾಕ್ಷಿ ಸಹಿತ ಕಾಗದದಲ್ಲಿ ಬರೆದ, ದೇವರ ವಾಗ್ದಾನಕ್ಕೆ ಕಾಗದ ಯಾಕೆ ಎನ್ನಲಿಲ್ಲ.

ಅಂಥ ಕಾಗದಗಳು ಮಣ್ಣಿನಿಂದ ಎದ್ದು ಬಂದಿವೆ. 1961ರಲ್ಲಿ ಮೃತಸಮುದ್ರದ ಪಕ್ಕದ ನಹಲ್ ಹೆವೆರ್ ಕಣಿವೆಯ ಗವಿಯಲ್ಲಿ ಯಿಗಾಯೆಲ್ ಯಾದಿನ್ ಅವರ ತಂಡಕ್ಕೆ ಒಂದು ತೊಗಲಿನ ಚೀಲ ಸಿಕ್ಕಿತು. ಒಳಗೆ ಬಾಬಥಾ ಎಂಬ ಯೆಹೂದಿ ವಿಧವೆಯ 35 ಪತ್ರಗಳು, ಕ್ರಿ.ಶ. 94ರಿಂದ 132ರವರೆಗಿನವು. ಖರ್ಜೂರದ ತೋಟಗಳ ಹಕ್ಕುಪತ್ರ, ಮದುವೆಯ ಪತ್ರ, ಅವಳ ತಂದೆ ತನ್ನ ಹೆಂಡತಿಗೆ ಬರೆದುಕೊಟ್ಟ ದಾನಪತ್ರ. ಕೆಲವು ಥೇಟ್ ಯೆರೆಮೀಯನ ಹಾಗೆ, ಮೇಲೆ ಸುತ್ತಿ ಕಟ್ಟಿ ಮುಚ್ಚಿದ ಪ್ರತಿ, ಕೆಳಗೆ ತೆರೆದ ಪ್ರತಿ. ತಂದೆ ಸತ್ತ ಅವಳ ಮಗನಿಗೆ ಇಬ್ಬರು ಪೋಷಕರನ್ನು ನೇಮಿಸಿದ್ದರು, ಅವರು ತಿಂಗಳಿಗೆ ಎರಡು ದಿನಾರ್ ಮಾತ್ರ ಕೊಡುತ್ತಾರೆ, ಅದು ಸಾಲದು ಎಂದು ಅವಳು ರೋಮಿನ ಅಧಿಪತಿಯವರೆಗೂ ದೂರು ಒಯ್ದಿದ್ದಾಳೆ. ಮಗನ ಹೆಸರು ಯೇಸು, ಆ ಕಾಲದಲ್ಲಿ ಅದು ಮನೆಮನೆಯ ಹೆಸರು. ಇನ್ನೂ ಹಿಂದೆ ಹೋದರೆ, ನೈಲ್ ನದಿಯ ಎಲಿಫೆಂಟೈನ್ ದ್ವೀಪದಲ್ಲಿ ಇದ್ದ ಯೆಹೂದಿ ಸಿಪಾಯಿಗಳ ಬಿಡಾರದ ಅರಾಮಿಕ್ ಪತ್ರಗಳಿವೆ. ಅವುಗಳಲ್ಲಿ ಕ್ರಿ.ಪೂ. 416ರ ಒಂದರಲ್ಲಿ ಊರೀಯ ಎಂಬವನು ಯೆದನ್ಯ ಎಂಬ ದಾಸಹುಡುಗನ ವಿಷಯದಲ್ಲಿ ಬರೆಸಿದ್ದಾನೆ: ಇನ್ನು ಇವನನ್ನು ಯಾರೂ ದಾಸನನ್ನಾಗಿ ಮಾಡುವಂತಿಲ್ಲ, ಇವನು ನನ್ನ ಮಗನಾಗಿರುವನು. ಆ ಪತ್ರ ಈಗ ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂನಲ್ಲಿದೆ. ಇನ್ನು ನೀನು ದಾಸನಲ್ಲ, ಮಗನಾಗಿದ್ದೀ, ಮಗನಾಗಿದ್ದರೆ ಬಾಧ್ಯನೂ ಆಗಿದ್ದೀ ಎಂದು ಪೌಲ ಗಲಾತ್ಯದವರಿಗೆ ಬರೆದದ್ದು ಅದರಿಂದ ಸುಮಾರು 450 ವರ್ಷಕ್ಕೂ ಮೇಲೆ. ದಾಸತನದಿಂದ ಮಗತನಕ್ಕೆ ಕಾಗದದಲ್ಲಿ ದಾಟುವುದು ಪೌಲನ ಕಲ್ಪನೆಯಲ್ಲ, ಆ ಸೀಮೆಯ ಬದುಕಿನಲ್ಲಿ ನಡೆಯುತ್ತಿದ್ದದ್ದು.

ಪೌಲನ ಕಾಲದ ರೋಮಿನಲ್ಲಂತೂ ದತ್ತು ಅರಮನೆಯ ಸುದ್ದಿ. ಔಗುಸ್ತನು ಜೂಲಿಯಸ್ ಸೀಸರನ ಮರಣಶಾಸನದಿಂದ ಮಗನಾದವನು. ಯೇಸುವನ್ನು ಶಿಲುಬೆಗೆ ಹಾಕುವಾಗ ಸಿಂಹಾಸನದಲ್ಲಿದ್ದ ತಿಬೇರಿಯ, ಔಗುಸ್ತನ ದತ್ತುಪುತ್ರ. ರೋಮಾಪುರದ ಸಭೆಗೆ ಪೌಲ ಪತ್ರ ಬರೆದ ಸುಮಾರು ಕ್ರಿ.ಶ. 57ರಲ್ಲಿ ಆಳುತ್ತಿದ್ದ ನೀರೋ, ಹಿಂದಿನ ಚಕ್ರವರ್ತಿ ಕ್ಲೌದಿಯನು 50ರಲ್ಲಿ ದತ್ತು ತೆಗೆದುಕೊಂಡವನು. ಕ್ಲೌದಿಯನಿಗೆ ಬ್ರಿಟಾನಿಕಸ್ ಎಂಬ ಸ್ವಂತ ಮಗನಿದ್ದ. ದತ್ತುಮಗ ಪಟ್ಟಕ್ಕೆ ಬಂದ, ಸ್ವಂತ ಮಗ 55ರಲ್ಲಿ ಊಟದ ಪಂಕ್ತಿಯಲ್ಲೇ ಸತ್ತುಬಿದ್ದ. ವಿಷ ಹಾಕಿದರು ಎಂದು ರೋಮಿನ ಇತಿಹಾಸಕಾರರು ಬರೆದಿದ್ದಾರೆ. ಪೌಲ ಇದನ್ನೇ ಮನಸ್ಸಿನಲ್ಲಿಟ್ಟು ಬರೆದ ಎಂದು ನಾನು ಹೇಳುತ್ತಿಲ್ಲ. ಆದರೆ ದತ್ತುಮಗ ಬಂದರೆ ಹುಟ್ಟಿದ ಮಗನ ಗತಿ ಏನು ಎಂಬುದನ್ನು ಅದೇ ಊರಿನಲ್ಲಿ ಕಣ್ಣಾರೆ ಕಂಡ ಜನ ಆ ಪತ್ರ ಓದಿದರು. ಪತ್ರದಲ್ಲಿ ಇರುವುದೇನು? ದತ್ತಪುತ್ರರ ಪದವಿ, ಒಡಂಬಡಿಕೆಗಳು, ವಾಗ್ದಾನಗಳು ಇಸ್ರಾಯೇಲ್ಯರವು ಎಂದು 9ನೇ ಅಧ್ಯಾಯ. ನೀನು ಕಸಿ ಕಟ್ಟಿದ ಕಾಡು ಎಣ್ಣೆಮರದ ಕೊಂಬೆ, ಮೂಲಕೊಂಬೆಗಳ ಮುಂದೆ ಹೆಚ್ಚಳಪಡಬೇಡ, ಬೇರಿಗೆ ನೀನು ಆಧಾರವಲ್ಲ, ಬೇರು ನಿನಗೆ ಆಧಾರ ಎಂದು 11ನೇ ಅಧ್ಯಾಯ. ದತ್ತು ಬಂದವನು ಹುಟ್ಟಿದವನನ್ನು ಹೊರಗೆ ಹಾಕುವ ರೋಮಿನ ಆಟ ದೇವರ ಮನೆಯಲ್ಲಿ ನಡೆಯದು. ಯೆಹೂದ್ಯರ ಪಾಲು ಮುಗಿಯಿತು, ಎಲ್ಲ ನಮ್ಮ ಖಾತೆಗೆ ಬಂತು ಎಂದು ವೇದಿಕೆಯಿಂದ ಸಾರುವವರು ಈ ಎರಡು ಅಧ್ಯಾಯವನ್ನು ಹೇಗೆ ದಾಟಿಹೋಗುತ್ತಾರೆ ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ.

ಎಲ್ಲಕ್ಕೂ ದೊಡ್ಡ ಸಾಕ್ಷಿ ಹೊಸ ಒಡಂಬಡಿಕೆಯ ಮೊದಲ ಪುಟದಲ್ಲೇ ಇದೆ. ಮತ್ತಾಯ ಯೇಸುವಿನ ವಂಶಾವಳಿಯನ್ನು ಅಬ್ರಹಾಮನಿಂದ ದಾವೀದ, ದಾವೀದನಿಂದ ಮರಿಯಳ ಗಂಡ ಯೋಸೇಫ ಎಂದು ಇಳಿಸಿಕೊಂಡು ಬರುತ್ತಾನೆ. ಅದೇ ಅಧ್ಯಾಯದಲ್ಲಿ ಯೋಸೇಫ ಹುಟ್ಟಿಸಿದ ತಂದೆಯಲ್ಲ ಎಂದೂ ಬಿಡಿಸಿ ಹೇಳುತ್ತಾನೆ. ಯೋಸೇಫ ಮಗುವಿಗೆ ಹೆಸರಿಟ್ಟ, ತನ್ನದೆಂದು ಒಪ್ಪಿದ, ಅಷ್ಟರಿಂದ ದಾವೀದನ ವಂಶ ಆ ಮಗುವಿಗೆ ಬಂತು. ಸಾಕಿದ ತಂದೆಯ ವಂಶ ಸಾಕಿದ ಮಗುವಿಗೆ ಸೇರುವುದಿಲ್ಲ ಎಂದು ಹಟ ಹಿಡಿಯುವ ಕ್ರೈಸ್ತನು ಮತ್ತಾಯನ ಆ ವಂಶಾವಳಿಯನ್ನು ಏನು ಮಾಡುತ್ತಾನೆ?

ಇದು ನಮ್ಮ ಕರಾವಳಿಯಲ್ಲಿ ಬರೀ ಪಾಠದ ಮಾತಾಗಿರಲಿಲ್ಲ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದ ಮೇಲೆ ದೀಕ್ಷಾಸ್ನಾನ ಪಡೆದವರಲ್ಲಿ ಅಳಿಯಕಟ್ಟಿನ, ಎಂದರೆ ಆಸ್ತಿ ತಾಯಿಯ ಸಂತಾನದಲ್ಲಿ ಇಳಿಯುವ, ಕುಟುಂಬಗಳವರು ಬಹಳ ಮಂದಿ. ಮತ ಬದಲಿಸಿದ ಕಾರಣಕ್ಕೆ ಆಸ್ತಿಹಕ್ಕು ಹೋಗದು ಎಂದು 1850ರಲ್ಲಿ ಕಾಯ್ದೆ ಬಂತು ನಿಜ. ಆದರೆ ಅಳಿಯಕಟ್ಟಿನಲ್ಲಿ ಒಬ್ಬನೇ ನಿಂತು ನನ್ನ ಪಾಲು ಬೇರೆ ಮಾಡಿ ಎಂದು ಕೇಳುವ ದಾರಿಯೇ ಆಗ ಇರಲಿಲ್ಲ, ಕುಟುಂಬದ ಆಸ್ತಿ ಯಜಮಾನನ ಕೈಯಲ್ಲಿ ಇಡಿಯಾಗಿ ಇರುತ್ತಿತ್ತು. ಒಳಗಿದ್ದರೆ ಅನ್ನ, ಹೊರಬಿದ್ದರೆ ಬೀದಿ. ಅಂಥವರಿಗೆ ಮಿಶನ್ನಿನವರು ನೇಯ್ಗೆ ಕೊಟ್ಟರು, ಅಚ್ಚುಕೂಟ ಕೊಟ್ಟರು, 1865ರಲ್ಲಿ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ದೇವರಿಗೆ ಬಾಧ್ಯರು, ಕ್ರಿಸ್ತನೊಂದಿಗೆ ಬಾಧ್ಯರು ಎಂಬ ವಚನ ಆ ಕೆಲಸಗಾರರ ಕಿವಿಗೆ ಹೇಗೆ ಬಿದ್ದಿರಬೇಕು ಯೋಚಿಸಿ. ಅದು ಅವರಿಗೆ ಅಲಂಕಾರದ ಮಾತಲ್ಲ. ಕುಟುಂಬದ ಪಟ್ಟಿಯಿಂದ ಹೆಸರು ಹೊಡೆದುಹಾಕಿಸಿಕೊಂಡವರ ಮರಿಮಕ್ಕಳು ನಾವು.

ನಾವೇ ಈಗ ಏನು ಮಾಡುತ್ತಿದ್ದೇವೆ ಎಂದರೆ, ಹೆಸರು ಹೊಡೆದುಹಾಕುತ್ತಿದ್ದೇವೆ. ಮೇಲೆ ಹೇಳಿದ ಪಂಚಾತಿಕೆ ಒಬ್ಬ ಹೆಣ್ಣುಮಗಳದು. ಮಕ್ಕಳಿಲ್ಲದ ಮಾಸ್ತರ ದಂಪತಿ ಅನಾಥಾಲಯದಿಂದ ತಂದು ಬೆಳೆಸಿದ ಮಗು, ಹಳೆಯ ಕಾಯ್ದೆಯಲ್ಲಿ ಪೋಷಕರೆಂಬ ಆದೇಶ ಮಾತ್ರ ಇತ್ತು. ಅವರಿಬ್ಬರ ಕೊನೆಗಾಲದ ಚಾಕರಿ ಎಲ್ಲ ಅವಳದೇ. ಮರಣಶಾಸನ ಬರೆದಿರಲಿಲ್ಲ, ನಮ್ಮ ಮಗಳಲ್ಲವೇ, ಬರೆಯುವುದೇನಿದೆ ಎಂದುಕೊಂಡಿದ್ದರೋ ಏನೋ. ಮಣ್ಣುಮಾಡಿ ತಿಂಗಳು ಕಳೆಯುವುದರೊಳಗೆ ಅಣ್ಣನ ಮಕ್ಕಳು ಸಂತತಿ ನಕ್ಷೆ ಹಿಡಿದು ಬಂದರು, ನಕ್ಷೆಯಲ್ಲಿ ಮಾಸ್ತರರ ಹೆಸರಿನ ಕೆಳಗೆ ಮಕ್ಕಳಿಲ್ಲ ಎಂದಿತ್ತು. ಕೊನೆಗೆ ರಾಜಿಯಾಗಿ ಅವಳಿಗೆ ಹಿತ್ತಲ ಕಡೆಯ ಕೆಲವು ಸೆಂಟ್ಸ್ ಬಿಟ್ಟರು, ಉಳಿದದ್ದಕ್ಕೆ ಹಕ್ಕುಖುಲಾಸೆ ಬರೆಸಲು ನನ್ನಲ್ಲಿಗೆ ಬಂದರು. ಇಂಥವರ ಮಗಳು ಎಂದು ಬರೆದೆ. ಅವರಲ್ಲೊಬ್ಬ, "ಸಾಕುಮಗಳು ಅಂತ ಹಾಕಿ ಮಾರಾಯ್ರೆ, ಇಲ್ಲದಿದ್ರೆ ನಾಳೆ ತಕರಾರು" ಎಂದ. ನಾನು ಅವಳ ಮುಖ ನೋಡಿದೆ. "ಬರೀರಿ ಅಂಕಲ್, ಆಫೀಸು ಮುಚ್ಚುವ ಹೊತ್ತಾಯ್ತು" ಎಂದಳು. ಮಗಳಲ್ಲದಿದ್ದರೆ ಖುಲಾಸೆ ಮಾಡಲು ಹಕ್ಕಾದರೂ ಎಲ್ಲಿತ್ತು ಎಂದು ಅವರನ್ನು ಕೇಳಿದೆ, ಉತ್ತರ ಬರಲಿಲ್ಲ. ಅದೇ ಭಾನುವಾರ ವೇದಿಕೆಯಿಂದ ಓದಿದ ಪಾಠ ಎಫೆಸದವರಿಗೆ ಬರೆದ ಪತ್ರದ ಮೊದಲ ಅಧ್ಯಾಯ, ಲೋಕಾದಿಗಿಂತ ಮುಂಚೆಯೇ ದೇವರು ನಮ್ಮನ್ನು ಪುತ್ರರನ್ನಾಗಿ ತೆಗೆದುಕೊಳ್ಳಲು ನೇಮಿಸಿದ ಎಂಬುದು. ಅಣ್ಣನ ಮಕ್ಕಳು ಮುಂದಿನ ಬೆಂಚಿನಲ್ಲೇ ಇದ್ದರು.

ಇಂದು ಆ ಗತಿ ಬರಬೇಕಾಗಿಲ್ಲ, ಅದನ್ನು ನಿಮ್ಮ ಲೇಖಕರು ಬರೆಯಬೇಕಿತ್ತು. ಬಾಲನ್ಯಾಯ ಕಾಯ್ದೆಗೆ 2006ರಲ್ಲಿ ಬಂದ ತಿದ್ದುಪಡಿಯಿಂದ, ಆಮೇಲೆ 2015ರ ಹೊಸ ಕಾಯ್ದೆಯಿಂದ, ಯಾವ ಮತದವರೂ ದತ್ತು ತೆಗೆದುಕೊಳ್ಳಬಹುದು, ದತ್ತು ಬಂದ ಮಗು ಎಲ್ಲ ವಿಷಯಕ್ಕೂ ಅವರದೇ ಮಗು. 2014ರಲ್ಲಿ ಶಬನಂ ಹಾಶ್ಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ, ವೈಯಕ್ತಿಕ ಕಾನೂನು ಏನೇ ಇರಲಿ, ಈ ದಾರಿ ಎಲ್ಲರಿಗೂ ತೆರೆದಿದೆ ಎಂದಿತು. 2021ರ ತಿದ್ದುಪಡಿಯ ಮೇಲೆ ದತ್ತಿನ ಆದೇಶ ಕೊಡುವವರು ಜಿಲ್ಲಾಧಿಕಾರಿ, ಕೋರ್ಟಿಗೆ ಅಲೆಯಬೇಕಾಗಿಲ್ಲ. ಆದರೂ 1925ರ ಉತ್ತರಾಧಿಕಾರ ಕಾಯ್ದೆಯ ಪಾಲಿನ ಕಲಮುಗಳಲ್ಲಿ ದತ್ತುಮಗುವಿನ ಹೆಸರು ಇಂದಿಗೂ ಇಲ್ಲ. ತಕರಾರು ಮಾಡುವವನಿಗೆ ಅಷ್ಟು ಸಂದು ಸಾಕು. ಆದ್ದರಿಂದ ದತ್ತು ತೆಗೆದುಕೊಂಡ ನಮ್ಮವರಿಗೆ ನನ್ನ ಮಾತು ಇಷ್ಟೇ: ಜಿಲ್ಲಾಧಿಕಾರಿಯ ಆದೇಶವನ್ನು ಜೋಪಾನ ಮಾಡಿ, ಜೊತೆಗೆ ಒಂದು ಮರಣಶಾಸನ ಬರೆದಿಡಿ, ಎರಡು ಸಾಕ್ಷಿಗಳಲ್ಲಿ ಒಬ್ಬರಾದರೂ ನಿಮಗಿಂತ ಪ್ರಾಯದಲ್ಲಿ ತೀರಾ ಚಿಕ್ಕವರಿರಲಿ. ಹಳೆಯ ಕಾಯ್ದೆಯಲ್ಲಿ ಪೋಷಕರ ಆದೇಶ ಮಾತ್ರ ಇದ್ದು ಮಕ್ಕಳು ಈಗ ದೊಡ್ಡವರಾಗಿದ್ದರೆ ಮರಣಶಾಸನವೋ ದಾನಪತ್ರವೋ ಈ ವರ್ಷವೇ ಆಗಲಿ, ನಾಳೆಗೆ ಇಡಬೇಡಿ.

ಸಭೆಗಳಿಗೂ ಒಂದು ಕೆಲಸ ಇದೆ. ಸಭಾಪಾಲಕರಾದ ಅಯ್ಯನವರ ಕಚೇರಿಯಲ್ಲಿರುವ ಕುಟುಂಬಗಳ ರಿಜಿಸ್ಟರಿನಲ್ಲಿ ಇಂಥ ಮಕ್ಕಳ ಎದುರು ಸಾಕು ಎಂದು ಬೇರೆ ಶಾಯಿಯಲ್ಲಿ ಬರೆದ ಪುಟಗಳನ್ನು ನಾನು ಕಂಡಿದ್ದೇನೆ. ನಾಳೆ ತಕರಾರಿನಲ್ಲಿ ಅದೇ ಪುಟದ ನಕಲು ಕೋರ್ಟಿಗೆ ಹೋಗುತ್ತದೆ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಒಂದು ಠರಾವು ಮಾಡಿ, ದತ್ತಿನ ಆದೇಶ ಇರುವ ಕಡೆ ಆ ಶಬ್ದ ಹೊಡೆದು, ಮಗ ಅಥವಾ ಮಗಳು ಎಂದು ಬರೆದು, ಪಕ್ಕದಲ್ಲಿ ಸಭಾಪಾಲಕರು ದಿನಾಂಕ ಸಹಿತ ಸಹಿ ಹಾಕಲಿ. ಠರಾವಿನ ಕರಡು ಬೇಕಾದ ಸಭೆಗಳಿಗೆ ನಾನು ಪುಕ್ಕಟೆ ಬರೆದುಕೊಡುತ್ತೇನೆ, ವಿಳಾಸ ನಿಮ್ಮ ಕಚೇರಿಯಲ್ಲಿದೆ.

ಇತಿ,
ನಿವೃತ್ತ ದಸ್ತಾವೇಜು ಬರಹಗಾರ
ಉಡುಪಿ ಜಿಲ್ಲೆ